ಬಿಸಿಲಿದ್ದೂ ಸವೆಯುವ ಎಲುಬು

ಗದಗ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಹಾಗಿದ್ದೂ ಮೂತ್ರಪಿಂಡ ಸೋತವರ ಎಲುಬು ಸವೆಯುತ್ತದೆ. ಬಿಸಿಲಿನಲ್ಲಿ ಚರ್ಮ ತಯಾರಿಸುವ ವಿಟಮಿನ್ ಡಿ ಕಚ್ಚಾ ಸರಕು ಮಾತ್ರ. ಯಕೃತ್ತು ಅದನ್ನು ಅರ್ಧ ಹದ ಮಾಡುತ್ತದೆ. ಮೈಗೆ ಒಗ್ಗುವ ರೂಪ ಕೊಡುವುದು ಮುಖ್ಯವಾಗಿ ಮೂತ್ರಪಿಂಡವೇ. ಅದು ಕೈಬಿಟ್ಟಾಗ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ರಕ್ತದಲ್ಲಿ ರಂಜಕ ಏರುತ್ತದೆ, ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಲುಬಿನಿಂದಲೇ ಕ್ಯಾಲ್ಸಿಯಂ ಕೀಳತೊಡಗುತ್ತವೆ. ಬೆಟಗೇರಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವವರಿಗೆ ಆ ಕಚ್ಚಾ ಸರಕೂ ಸಾಲದೆ ಹೋಗಬಹುದು.

ಇಲ್ಲಿಯ ಇನ್ನೊಂದು ಸಂಕಟ ಫ್ಲೋರೈಡ್. ಮುಂಡರಗಿ ಸುತ್ತಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿದೆ. ಮೈಸೇರಿದ ಫ್ಲೋರೈಡನ್ನು ಹೊರಹಾಕುವುದೂ ಮೂತ್ರಪಿಂಡವೇ. ಅದು ಕುಂದಿದವರ ಎಲುಬಿನಲ್ಲಿ ವಿಷ ಹೆಚ್ಚು ಉಳಿಯುತ್ತದೆ. ಮೈಕೈ ನೋವೆಂದು ಲಕ್ಷ್ಮೇಶ್ವರ, ಶಿರಹಟ್ಟಿಯ ಔಷಧ ಅಂಗಡಿಯಿಂದ ವೈದ್ಯರನ್ನು ಕೇಳದೆ ಒಯ್ಯುವ ನೋವಿನ ಗುಳಿಗೆ ಅಳಿದುಳಿದ ಮೂತ್ರಪಿಂಡಕ್ಕೂ ಕುತ್ತು. ಪರೀಕ್ಷೆಯಿಲ್ಲದೆ ವಿಟಮಿನ್ ಡಿ ನುಂಗುವುದೂ ತರವಲ್ಲ.

2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರ ಜೀವ ಹಿಡಿದಿದೆ, ನಿಜ. ಆದರೆ ರಕ್ತ ಶುದ್ಧಿಯಾದ ಮಾತ್ರಕ್ಕೆ ಎಲುಬು ಗಟ್ಟಿಯಾಗದು. ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಮತ್ತು ಅದಕ್ಕೆ ತಕ್ಕ ಔಷಧ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಬೇಕು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆಂದು ಬಸ್ಸು ಹತ್ತುವವರನ್ನು ಒಂದು ರಕ್ತಪರೀಕ್ಷೆಗಾಗಿ ಹುಬ್ಬಳ್ಳಿಗೆ ಅಲೆದಾಡಿಸಬಾರದು.