ಕಡಲ ತಡಿಯ ಸಣ್ಣ ಊರಿನಲ್ಲಿ ಸಂಸಾರ

ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯಲ್ಲಿ ಗೌರಸಮುದ್ರವೆಂಬ ಗ್ರಾಮವುಂಟು. ಅಲ್ಲಿಯ ಮಾರಮ್ಮನ ಜಾತ್ರೆಗೆ ನಮ್ಮ ನಾಡಿನಿಂದಲೂ ನೆರೆಯ ಆಂಧ್ರದಿಂದಲೂ ಜನರು ಸಾವಿರಗಟ್ಟಲೆ ಕೂಡುತ್ತಾರೆ. ಊರಿನ ಹೆಸರಿನಲ್ಲಿ ಸಮುದ್ರವಿದೆಯೆಂದು ಅಲೆಗಳನ್ನು ನೋಡಲು ಹೋದವರಿಗೆ ಕಾಣುವುದು ಶೇಂಗಾ ಈರುಳ್ಳಿಗಳ ಹೊಲ, ಕುರಿಮಂದೆ, ಬಿಸಿಲು. ನಮ್ಮ ಹಿರಿಯರು ಊರ ಹೆಸರಿನ ಕೊನೆಗೆ ಸಮುದ್ರವೆಂದು ಸೇರಿಸುತ್ತಿದ್ದುದು ಹಿರಿಯ ಕೆರೆಯನ್ನು ಮನಸ್ಸಿನಲ್ಲಿಟ್ಟು. ಹೊಯ್ಸಳರ ದೋರಸಮುದ್ರವೂ ಅಂತಹದೇ. ಇದೇ ಜಿಲ್ಲೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಯ ನೀರಿಗೆ ವಾಣೀವಿಲಾಸ ಸಾಗರವೆಂದು ಹೆಸರು. 1933ರಲ್ಲಿ ಕೋಡಿ ಬಿದ್ದ ಆ ಸಾಗರವು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ವಿರಳವಾದ ಸೀಮೆಯವರಿಗೆ ನೀರಿನ ಮೇಲಣ ಗೌರವವು ಎಷ್ಟೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನಿಜವಾದ ಕಡಲ ತಡಿಯಲ್ಲಿ ಬಾಳಬೇಕೆಂಬ ಆಸೆ ಹುಟ್ಟುವುದು ಸಹಜ. ಉಪಾಧ್ಯಾಯರಿಗೋ ಬ್ಯಾಂಕಿನ ನೌಕರರಿಗೋ ಆ ಕಡೆಗೆ ವರ್ಗವಾದೊಡನೆ ಮನೆಯಲ್ಲಿ ಅರ್ಧ ಸಂಭ್ರಮ, ಅರ್ಧ ಅಳುಕು. ನಿವೃತ್ತರಾದ ಕೆಲವರು ಕೈಗೆ ಬಂದ ಹಣವನ್ನೆಲ್ಲ ಹಾಕಿ ಅಲ್ಲಿಯೇ ನೆಲೆಸಿಬಿಡೋಣವೆಂದು ಯೋಚಿಸುವುದೂ ಉಂಟು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ಕಡಲಿಗೂ ಸಲ್ಲತಕ್ಕದ್ದೇ. ಆದುದರಿಂದ ಈ ಸಲ ಕಡಲ ತಡಿಯ ಸಣ್ಣ ನಗರವೊಂದರಲ್ಲಿ ಸಂಸಾರ ಹೂಡುವುದರ ಗುಣದೋಷಗಳನ್ನು ಗೃಹಸ್ಥರ ದೃಷ್ಟಿಯಿಂದ ವಿಚಾರಿಸೋಣ. ಉದಾಹರಣೆಗೆ ಕಾರವಾರವನ್ನೇ ತೆಗೆದುಕೊಳ್ಳುತ್ತೇವೆ. ಅದು ಉತ್ತರಕನ್ನಡ ಜಿಲ್ಲೆಯ ಮುಖ್ಯಸ್ಥಳ. ಆದರೂ 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಒಂದು ಲಕ್ಷವನ್ನು ಮುಟ್ಟಿರಲಿಲ್ಲ. ಗೌರಸಮುದ್ರದಿಂದ ಅಲ್ಲಿಗೆ ದಾರಿ ಮುನ್ನೂರು ಕಿಲೋಮೀಟರಿಗೂ ಮಿಗಿಲು.

ಮೊದಲು ಗುಣಗಳನ್ನು ಹೇಳುವುದು ಧರ್ಮ. ಚಳ್ಳಕೆರೆಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿಗಿಂತ ಕಡಮೆ. ಕಾರವಾರದಲ್ಲಿ ಸುಮಾರು 3000. ಒಂದೆಡೆ ಕೊಳವೆಬಾವಿಯನ್ನು ಎಷ್ಟು ಆಳಕ್ಕೆ ಕೊರೆದರೂ ನೀರು ಸಿಕ್ಕುವ ಭರವಸೆಯಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡಿನ ಭಯ. ಇನ್ನೊಂದೆಡೆ ಹಿತ್ತಿಲ ತೆರೆದ ಬಾವಿಯಲ್ಲಿ ಮಳೆಗಾಲ ಮುಗಿದು ತಿಂಗಳುಗಳಾದರೂ ಕೊಡ ಮುಳುಗುವಷ್ಟು ನೀರು. ನೀರು ಹೊರುವುದರಲ್ಲಿಯೇ ಬೆಳಗಿನ ಹೊತ್ತನ್ನು ಕಳೆದ ಗೃಹಿಣಿಗೆ ಇದಕ್ಕಿಂತ ದೊಡ್ಡ ಸೌಭಾಗ್ಯವನ್ನು ಯಾರು ಕೊಡಬಲ್ಲರು? ತೆಂಗು, ಹಲಸು, ಮಾವು, ಬಸಳೆಗಳು ಹೆಚ್ಚು ಆರೈಕೆಯನ್ನು ಬೇಡದೆ ಬೆಳೆಯುತ್ತವೆ. ಮೀನು ತಿನ್ನುವ ಮನೆಗಳಿಗೆ ಪುಷ್ಟಿಕರವಾದ ಆಹಾರವು ಬಾಗಿಲಿಗೇ ಬರುತ್ತದೆ.

ಊರು ಸಣ್ಣದಾಗಿರುವುದರಲ್ಲಿಯೂ ಒಂದು ಸುಖವುಂಟು. ಕಚೇರಿ, ನ್ಯಾಯಾಲಯ, ಪಾಠಶಾಲೆ, ಪೇಟೆಗಳು ಒಂದಕ್ಕೊಂದು ಬಹು ದೂರವಿಲ್ಲ. ದೊಡ್ಡ ನಗರದಲ್ಲಿ ಬಸ್ಸಿನೊಳಗೆ ಕಳೆಯತಕ್ಕ ಎರಡು ಗಂಟೆಗಳು ಇಲ್ಲಿ ಮನೆಯವರಿಗೆ ಉಳಿಯುತ್ತವೆ. ಸಂಜೆ ಮಕ್ಕಳನ್ನು ಕರೆದುಕೊಂಡು ಮರಳಿನ ಮೇಲೆ ಕುಳಿತುಕೊಳ್ಳುವುದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ. ಧನಿಕನಿಗೂ ದಿನಗೂಲಿಯವನಿಗೂ ಅಲ್ಲಿ ಒಂದೇ ಗಾಳಿ. ಕವಿ ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದಿದ್ದು ಈ ತೀರದ ಸೌಂದರ್ಯಕ್ಕೆ ಮನಸೋತರು. ಇಂದು ಆ ಕಡಲತೀರಕ್ಕೆ ಅವರ ಹೆಸರೇ ಇದೆ.

ಭಾಷೆಯ ವಿಷಯದಲ್ಲಿ ಅಂಜಬೇಕಾದುದಿಲ್ಲ. ಕಾರವಾರದ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಶಾಲೆ ಕಚೇರಿಗಳಲ್ಲಿ ಕನ್ನಡ. ಆಂಧ್ರದ ಎಲ್ಲೆಯಲ್ಲಿ ಕನ್ನಡ ತೆಲುಗುಗಳೆರಡನ್ನೂ ಕೇಳುತ್ತ ಬೆಳೆದ ಚಳ್ಳಕೆರೆ ಸೀಮೆಯವರಿಗೆ, ಗೋವೆಯ ಎಲ್ಲೆಯ ಈ ಊರಿನಲ್ಲಿ ಎರಡು ಮಾತುಗಳ ನಡುವೆ ಬಾಳುವುದು ಹೊಸ ವಿದ್ಯೆಯೇನಲ್ಲ. ಮೀನು ಮಾರುವವಳೊಡನೆ ನಾಲ್ಕು ಮಾತು ಕೊಂಕಣಿಯನ್ನು ಕಲಿತ ಮನೆಯೊಡತಿಗೆ ನೆರೆಹೊರೆಯು ಬೇಗ ಒಲಿಯುತ್ತದೆ.

ಇನ್ನು ದೋಷಗಳು. ಇವುಗಳಲ್ಲಿ ಕೆಲವು ಸಣ್ಣವು, ಆದರೆ ದಿನದಿನವೂ ಕಾಡತಕ್ಕವು. ಮೃಗಶಿರೆಯ ಹೊತ್ತಿಗೆ ಹಿಡಿದ ಮಳೆ ಶ್ರಾವಣ ದಾಟುವವರೆಗೂ ಬಿಡುವಂತಿಲ್ಲ. ತೊಳೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಪೆಟ್ಟಿಗೆಯೊಳಗಿನ ರೇಶಿಮೆಗೂ ಕಪಾಟಿನ ಪುಸ್ತಕಕ್ಕೂ ಬೂಸಲು ಹಿಡಿಯುತ್ತದೆ. ಮೊಳಕಾಲ್ಮೂರಿನ ಸೀರೆಯನ್ನು ತವರಿನಿಂದ ತಂದವರು ಮಳೆಗಾಲಕ್ಕೆ ಮೊದಲೇ ಅದನ್ನು ಒಣ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು, ಬಿಸಿಲು ಇಣುಕಿದ ದಿನ ಹೊರಗೆ ತೆಗೆದು ನೆರಳಿನಲ್ಲಿ ಹರವಬೇಕು. ಹಪ್ಪಳ ಸಂಡಿಗೆಗಳ ಕೆಲಸವೆಲ್ಲ ವೈಶಾಖದೊಳಗೆ ಮುಗಿಯತಕ್ಕದ್ದು. ಬೇಳೆ, ಬೆಲ್ಲ, ಉಪ್ಪುಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿ ಇಡದಿದ್ದರೆ ನೀರಾಡುವುದು ನಿಶ್ಚಯ. ಉಪ್ಪುಗಾಳಿಯು ಕಬ್ಬಿಣವನ್ನು ತಿನ್ನುತ್ತದೆ. ಕಿಟಕಿಯ ಸರಳು, ಹೊಲಿಗೆಯ ಯಂತ್ರ, ಮೋಟಾರು ವಾಹನ ಯಾವುದನ್ನೂ ಅದು ಬಿಡದು. ಬಣ್ಣಕ್ಕೂ ಎಣ್ಣೆಗೂ ಪ್ರತಿ ವರ್ಷ ಒಂದಿಷ್ಟು ಹಣವನ್ನು ಎತ್ತಿಡುವುದು ಜಾಣತನ.

ಬಯಲುಸೀಮೆಯವರು ಬೇಸಗೆಯನ್ನೂ ತಪ್ಪು ಅಂದಾಜು ಮಾಡುತ್ತಾರೆ. ಉಷ್ಣಮಾಪಕದಲ್ಲಿ ಕಾರವಾರದ ಅಂಕವು ಚಳ್ಳಕೆರೆಯ ಅಂಕಕ್ಕಿಂತ ಕಡಮೆಯಿರಬಹುದು. ಆದರೆ ಒಣಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುವಂತೆ ತೇವದ ಗಾಳಿಯಲ್ಲಿ ಆಗದು. ಚಳ್ಳಕೆರೆಯ ಕಂಬಳಿಯನ್ನು ಹೊದೆಯುವ ರಾತ್ರಿಗಳು ಇಲ್ಲಿ ಅತಿ ವಿರಳ. ಸಮುದ್ರದ ನಂಟು, ಉಪ್ಪಿಗೆ ಬಡತನ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕಾಗುತ್ತದೆ. ಉಪ್ಪಿಗೆ ಬಡತನವಿಲ್ಲ, ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅದನ್ನು ರಾಶಿ ರಾಶಿಯಾಗಿ ತೆಗೆಯುತ್ತಾರೆ. ಕಡಲಿನ ಹಿನ್ನೀರು ನುಗ್ಗುವ ಕಡೆಗಳಲ್ಲಿ ಬೇಸಗೆಯ ಕೊನೆಗೆ ಬಾವಿಯ ನೀರು ಉಪ್ಪಾಗುವುದರಿಂದ ಬಡತನವಾಗುವುದು ಸಿಹಿನೀರಿಗೆ. ಮನೆ ಹಿಡಿಯುವವರು ಮೇ ತಿಂಗಳಿನಲ್ಲಿ ಬಾವಿಯ ನೀರನ್ನು ಕುಡಿದು ನೋಡದೆ ಒಪ್ಪಂದಕ್ಕೆ ಸಹಿ ಹಾಕಬಾರದು.

ಸ್ವಂತ ಮನೆಯ ಮಾತು ಇನ್ನೂ ಜಟಿಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಹ್ಯಾದ್ರಿಯ ಕಾಡು. ನಡುವಣ ನೆಲ ಸ್ವಲ್ಪ. ಅದರಲ್ಲಿಯೂ ಭರತದ ಗೆರೆಯಿಂದ 500 ಮೀಟರಿನವರೆಗಿನ ನೆಲವು 1991ರಲ್ಲಿ ಮೊದಲು ಹೊರಟ ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಒಳಪಟ್ಟಿದೆ. ಆ ನಿಯಮಗಳು 2011ರಲ್ಲಿಯೂ 2019ರಲ್ಲಿಯೂ ಮಾರ್ಪಟ್ಟಿವೆ. ಕಿಟಕಿಯಿಂದ ಅಲೆ ಕಾಣುತ್ತದೆಯೆಂಬ ಒಂದೇ ಕಾರಣದಿಂದ ನಿವೇಶನವನ್ನು ಕೊಂಡು, ಬಳಿಕ ಗೋಡೆಯೆಬ್ಬಿಸಲು ಅನುಮತಿಯಿಲ್ಲವೆಂದು ತಿಳಿದು ಕೈ ಹಿಸುಕಿಕೊಳ್ಳುವುದು ಬೇಡ. ಇದಲ್ಲದೆ ನೌಕಾನೆಲೆಗಾಗಿ 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಐಎನ್‌ಎಸ್ ಕದಂಬವೆಂದು ಕಾರ್ಯಾರಂಭವಾದ ಸೀಬರ್ಡ್ ಯೋಜನೆಗೆ ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ತಲೆತಲಾಂತರದ ಮನೆ, ಗದ್ದೆ, ದಡಗಳನ್ನು ಬಿಟ್ಟುಕೊಟ್ಟಿವೆ. ನೆಲದ ಬೆಲೆಯನ್ನು ಕೇಳಿ ಹುಬ್ಬೇರಿಸುವ ಹೊಸಬರು ಆ ತ್ಯಾಗವನ್ನೂ ನೆನೆಯತಕ್ಕದ್ದು.

ಜೀವನೋಪಾಯದ ಪ್ರಶ್ನೆಗೂ ಒಂದು ಇತಿಹಾಸವಿದೆ. 1862ರಲ್ಲಿ ಈ ಜಿಲ್ಲೆಯು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಧಾರವಾಡ ಸೀಮೆಯ ಹತ್ತಿಯೆಲ್ಲ ಕಾರವಾರದ ಬಂದರಿನಿಂದ ಹೋಗುವುದೆಂದು ದೊಡ್ಡ ನಿರೀಕ್ಷೆಯಿತ್ತು. ರೈಲು ಗೋವೆಯ ಮಾರ್ಮಗೋವೆಗೆ ಹೋಯಿತು. ಕಾರವಾರವು ಸಣ್ಣ ಊರಾಗಿಯೇ ಉಳಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಬೇಡಿಕೆಯು ಕಾಡಿನ ಪ್ರಶ್ನೆಗೆ ಸಿಲುಕಿ ದಶಕಗಳೇ ಕಳೆದಿವೆ. 1998ರಲ್ಲಿ ಪೂರ್ಣವಾದ ಕೊಂಕಣ ರೈಲ್ವೆಯು ಮುಂಬಯಿ ಮಂಗಳೂರುಗಳನ್ನು ಹತ್ತಿರ ಮಾಡಿತು. ಸರಕಾರಿ ಕಚೇರಿಗಳು, ನೌಕಾನೆಲೆ, ಕೈಗಾದ ಅಣುವಿದ್ಯುತ್ ಸ್ಥಾವರ, ಬಂದರು, ಮೀನುಗಾರಿಕೆ ಇವೇ ಇಲ್ಲಿಯ ಮುಖ್ಯ ಆಧಾರಗಳು. ಮೀನುಗಾರಿಕೆಯೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷಿದ್ಧ. ಆದುದರಿಂದ ಓದಿದ ಮಕ್ಕಳು ಗೋವೆಗೋ ಮುಂಬಯಿಗೋ ಬೆಂಗಳೂರಿಗೋ ಹೊರಟುಹೋಗುವುದು ಸಾಮಾನ್ಯ. ಮುಪ್ಪಿನಲ್ಲಿ ಮಕ್ಕಳು ಹತ್ತಿರವಿರಬೇಕೆಂದು ಬಯಸುವವರು ಇದನ್ನು ಮುಂಚಿತವಾಗಿಯೇ ಎಣಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಗುರುತರವಾದ ವಿಷಯವು ದಾರಿಯದು. ಬಯಲಿನ ಊರಿಗೆ ನಾಲ್ಕು ದಿಕ್ಕುಗಳಿಗೂ ದಾರಿಯಿರುತ್ತದೆ. ಗೌರಸಮುದ್ರದಲ್ಲಿ ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ದೊಡ್ಡ ಆಸ್ಪತ್ರೆ ದೂರವೇ ಸರಿ. ಆದರೆ ಚಿತ್ರದುರ್ಗದ ದಾರಿ ಕೆಟ್ಟಿದ್ದರೆ ಬಳ್ಳಾರಿಯ ದಾರಿ ಇದ್ದೇ ಇದೆ. ಕಡಲ ತಡಿಯ ಊರಿಗೆ ಒಂದು ದಿಕ್ಕು ಹುಟ್ಟಿನಿಂದಲೇ ಮುಚ್ಚಿದೆ. ಉಳಿದವು ಉತ್ತರಕ್ಕೆ ಕಾಳೀನದಿಯ ಸೇತುವೆ, ದಕ್ಷಿಣಕ್ಕೆ ಗುಡ್ಡವನ್ನು ಕಡಿದು ಮಾಡಿದ ಹೆದ್ದಾರಿ, ಪೂರ್ವಕ್ಕೆ ಘಟ್ಟ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ದಾರಿಯು ಬಹುದಿನ ಕಟ್ಟಿತು. ಅದಾದ ಇಪ್ಪತ್ತೆರಡು ದಿನಗಳಿಗೆ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು. ಮೀನುಗಾರರು ಪೊಲೀಸರೊಡಗೂಡಿ ಚಾಲಕನನ್ನು ಬದುಕಿಸಿದರು. ಪಕ್ಕದಲ್ಲಿಯೇ ಹೊಸ ಸೇತುವೆ ಇದ್ದುದರಿಂದ ಗೋವೆಯ ಸಂಬಂಧವು ಕಡಿದುಹೋಗಲಿಲ್ಲ.

ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ, ಅದಕ್ಕೆ ಸೇರಿದ ಜಿಲ್ಲಾ ಆಸ್ಪತ್ರೆಯೂ ಇದೆ. ಇದು ಸಣ್ಣ ಅನುಕೂಲವಲ್ಲ. ಆದರೂ ಕಠಿನವಾದ ಕಾಯಿಲೆಗಳಿಗೆ ಗೋವೆಗೋ ಮಂಗಳೂರು ಮಣಿಪಾಲಗಳಿಗೋ ಹುಬ್ಬಳ್ಳಿಗೋ ಓಡುವುದು ಈ ಜಿಲ್ಲೆಯ ಜನರಿಗೆ ಬಹುಕಾಲದ ರೂಢಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ದಕ್ಷಿಣಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸೊಂದು ಮಳೆಯ ರಸ್ತೆಯಲ್ಲಿ ಟೋಲ್ ಕಟ್ಟೆಯ ಬಳಿ ಉರುಳಿ ನಾಲ್ವರು ಸತ್ತರು. ಸರ್ವಸಜ್ಜಿತವಾದ ಆಸ್ಪತ್ರೆಯೊಂದು ಜಿಲ್ಲೆಯಲ್ಲಿಯೇ ಬೇಕೆಂಬ ಕೂಗು ಆಗ ಮನೆಮನೆಗಳಿಂದ ಎದ್ದಿತು. ಆ ಕೂಗಿನ ಹಿಂದಿದ್ದ ಸಂಕಟವನ್ನು ಡಿಸೆಂಬರಿನಲ್ಲಿ ಸೂರ್ಯಾಸ್ತವನ್ನು ನೋಡಿ ಹಿಂದಿರುಗುವ ಪ್ರವಾಸಿಯು ಅರಿಯಲಾರನು. ಸಂಸಾರ ಹೂಡುವವನು ಅರಿಯದೆ ಇರಲಾಗದು.

ಹೀಗಿರುವಲ್ಲಿ ನಮ್ಮ ಅಭಿಪ್ರಾಯವೇನೆಂದು ಕೇಳಿದರೆ, ಊರನ್ನು ಅದರ ಒಳ್ಳೆಯ ತಿಂಗಳಿನಿಂದ ಅಳೆಯದೆ ಆಷಾಢದಿಂದ ಅಳೆಯಿರಿ ಎನ್ನುತ್ತೇವೆ. ಮನೆಯಲ್ಲಿರುವವರು ಯಾರೆಂಬುದನ್ನು ಮೊದಲು ನೋಡತಕ್ಕದ್ದು. ಕೆಲಸವು ನಿಶ್ಚಿತವಾಗಿರುವ ತರುಣ ದಂಪತಿಗಳಿಗೆ, ಬೆಳೆಯುವ ಮಕ್ಕಳಿಗೆ ಈ ಊರು ವರವೇ ಸರಿ. ವರ್ಗವಾಯಿತೆಂದು ಕೊರಗುವ ಕಾರಣವಿಲ್ಲ. ಹೃದ್ರೋಗವೋ ಉಬ್ಬಸವೋ ಇರುವ ಹಿರಿಯರನ್ನು ಕರೆದೊಯ್ಯುವುದಾದರೆ ಮೊದಲು ವೈದ್ಯರನ್ನು ಕೇಳಿ, ಅವರ ಕಾಯಿಲೆಗೆ ಬೇಕಾದ ಚಿಕಿತ್ಸೆ ಎಷ್ಟು ದೂರದಲ್ಲಿದೆಯೆಂದು ತಿಳಿದು, ಮಳೆಗಾಲಕ್ಕೆ ಬೇಕಾದ ಔಷಧವನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. ಹಿರಿಯರ ಮನಸ್ಸನ್ನೂ ಕೇಳಬೇಕು. ಎಪ್ಪತ್ತು ವರ್ಷ ಬಿಸಿಲು ಬಯಲುಗಳನ್ನು ಕಂಡ ಕಣ್ಣಿಗೆ ಮೂರು ತಿಂಗಳ ಮೋಡವು ಭಾರವಾಗುವುದುಂಟು.

ನಿವೃತ್ತಿಯ ಹಣದಿಂದ ಮನೆ ಕೊಳ್ಳುವವರು ಒಂದು ವರ್ಷ, ಅದಾಗದಿದ್ದರೆ ಒಂದು ಮಳೆಗಾಲವನ್ನಾದರೂ ಬಾಡಿಗೆಯ ಮನೆಯಲ್ಲಿ ಕಳೆಯಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೋರುವ ಮಾಡು, ಹೋಗಿ ಬರುವ ವಿದ್ಯುತ್ತು, ಕಟ್ಟುವ ದಾರಿ, ಇವುಗಳ ನಡುವೆ ಮನೆಯವರೆಲ್ಲರ ಮುಖದಲ್ಲಿ ನಗೆ ಉಳಿದಿದ್ದರೆ ಧಾರಾಳವಾಗಿ ಕೊಳ್ಳಬಹುದು. ಉಳಿಯದಿದ್ದರೆ ನಷ್ಟವಾದದ್ದು ಕೆಲವು ತಿಂಗಳ ಬಾಡಿಗೆ ಮಾತ್ರ. ಹುಟ್ಟೂರಿನ ಮನೆಯನ್ನು ಅಷ್ಟರಲ್ಲಿ ಮಾರಿರಕೂಡದು. ನೆಲೆಸಲು ನಿಶ್ಚಯಿಸಿದವರು ನೆರೆಹೊರೆಯವರ ಸ್ನೇಹವನ್ನು ಮೊದಲ ತಿಂಗಳಿನಿಂದಲೇ ಬೆಳೆಸಿಕೊಳ್ಳಲಿ. ದಾರಿ ಕಟ್ಟಿದ ರಾತ್ರಿ ಮೊದಲು ಬಾಗಿಲಿಗೆ ಬರುವವರು ಅವರೇ.