ಸೆರಾಮಿಕ್ ಕ್ಲಚ್ ಪ್ಲೇಟ್ ಹಾಕಿಸಿದರೆ ಟ್ರ್ಯಾಕ್ಟರ್ ಬಲ ಹೆಚ್ಚುತ್ತದೆಯೇ?

ಸ್ಪೋರ್ಟ್ಸ್ ಕಾರಿನ ಎಂಜಿನ್ ಪವರ್ ಏರಿಸಿದವರು ಕ್ಲಚ್ಚನ್ನೂ ಗಟ್ಟಿಯದಕ್ಕೆ ಬದಲಿಸುತ್ತಾರೆ. ಹಾಗಾದರೆ ಕ್ಲಚ್ ಬದಲಿಸಿದರೆ ಟ್ರ್ಯಾಕ್ಟರ್ ಬಲವೂ ಏರುತ್ತದೆಯೇ? ಹೊನ್ನಾಳಿ, ನ್ಯಾಮತಿಯಲ್ಲಿ ಭತ್ತದ ಗದ್ದೆಗೆ ಕೆಸರು ಹೊಡೆಸುವವರಿಗೂ ಜಗಳೂರಿನಲ್ಲಿ ಮೆಕ್ಕೆಜೋಳದ ಲೋಡು ಎಳೆಸುವವರಿಗೂ ಇದು ದುಡ್ಡಿನ ಪ್ರಶ್ನೆ.

ಇಲ್ಲ, ಏರುವುದಿಲ್ಲ. ಬಲ ಹುಟ್ಟುವುದು ಎಂಜಿನ್ನಿನಲ್ಲಿ. ಕ್ಲಚ್ ಅದನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ, ಅಷ್ಟೇ. ಎಷ್ಟು ದಾಟಿಸಬಲ್ಲದು ಎಂಬುದು ಪ್ಲೇಟಿನ ಘರ್ಷಣೆ, ಅದರ ಅಗಲ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬಲದ ಮೇಲೆ ನಿಂತಿದೆ. ನಿಮ್ಮ ಕ್ಲಚ್ ಜಾರುತ್ತಿಲ್ಲ ಎಂದರೆ ಎಂಜಿನ್ನಿನ ಬಲವನ್ನೆಲ್ಲ ಅದು ಈಗಾಗಲೇ ದಾಟಿಸುತ್ತಿದೆ.

ಸೆರಾಮಿಕ್‌ನ ನಿಜವಾದ ಗುಣ ಬಿಸಿ ತಾಳುವುದು. ಮಾಮೂಲಿ ಆರ್ಗ್ಯಾನಿಕ್ ಪ್ಲೇಟ್ ಅತಿಯಾಗಿ ಬಿಸಿಯಾದರೆ ಹಿಡಿತ ಕಳೆದುಕೊಳ್ಳುತ್ತದೆ. ತುಂಬಿದ ಟ್ರಾಲಿಯನ್ನು ಪದೇಪದೇ ನಿಲ್ಲಿಸಿ ಹೊರಡಿಸುವ ಗಾಡಿಗೆ ಸೆರಾಮಿಕ್ ಒಳ್ಳೆಯದೇ. ಆದರೆ ಅದು ನಿಧಾನಕ್ಕೆ ಹಿಡಿಯದು, ಗಕ್ಕನೆ ಹಿಡಿಯುತ್ತದೆ. ಚನ್ನಗಿರಿಯ ಅಡಿಕೆ ತೋಟದ ಸಾಲಿನಲ್ಲಿ ಇಂಚಿಂಚು ಸರಿಸುವಾಗ ಗಾಡಿ ಜಗ್ಗುತ್ತದೆ, ಫ್ಲೈವೀಲ್ ಬೇಗ ಸವೆಯುತ್ತದೆ. ಇಂಥ ಕೆಲಸಕ್ಕೆ ಕಂಪನಿ ಕೊಟ್ಟ ಬಗೆಯ ಪ್ಲೇಟೇ ಸಾಕು ಎನ್ನುತ್ತೇವೆ.

ಎಂಜಿನ್ ಸದ್ದು ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿರಬಹುದು. ಆಗಲೂ ಮೊದಲು ಪೆಡಲಿನ ಪ್ಲೇ ನೋಡಿಸಿ. ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದೆಯೇ ಎಂದೂ ಕೇಳಿ. ಸೋರಿಕೆ ನಿಲ್ಲಿಸದೆ ಹಾಕಿದ ಯಾವ ಪ್ಲೇಟೂ ಬಾಳದು. ಇನ್ನು, ಓಡಿಸುವವರ ಎಡಗಾಲು ಸದಾ ಪೆಡಲ್ ಮೇಲೆಯೇ ಇರುತ್ತದೆಯೇ?