ಪಿಜ್ಜಾಕ್ಕೆ ಕಲ್ಲೋ, ಉಕ್ಕೋ?

ಪಿಜ್ಜಾದ ತಳ ಗರಿಗರಿಯಾಗಬೇಕಾದರೆ ಅದನ್ನು ಕಲ್ಲಿನ ಹಾಸಿನ ಮೇಲೆಯೇ ಬೇಯಿಸಬೇಕೆಂದು ಹಲವರು ನಂಬಿದ್ದಾರೆ. ಇಟಲಿಯ ಸೌದೆ ಒಲೆಗಳ ನೆಲ ಇಟ್ಟಿಗೆಯದಲ್ಲವೇ ಎಂಬುದು ಅವರ ವಾದ. ಈ ವಾದವನ್ನು ಪರೀಕ್ಷಿಸಿ ನೋಡುವುದು ಒಳಿತು.

ತಣ್ಣನೆಯ ಕಣಕವು ಕಾದ ಹಾಸನ್ನು ಮುಟ್ಟಿದಾಗ, ಸ್ಪರ್ಶತಲದ ಉಷ್ಣತೆಯು ಎರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. ಹಾಸು ಶಾಖವನ್ನು ಬೇಗ ಒದಗಿಸಿದಷ್ಟೂ ಅದು ಮೇಲೇರುತ್ತದೆ. ಈ ಗುಣ ಉಕ್ಕಿನಲ್ಲಿ ಹೆಚ್ಚು, ಇಟ್ಟಿಗೆಯಲ್ಲಿ ಕಡಮೆ. ಭೌತವಿಜ್ಞಾನಿ ಆಂಡ್ರೇ ವರ್ಲಮೋವ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 330 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಇಟ್ಟಿಗೆಯ ಮೇಲೆ ಪಿಜ್ಜಾದ ತಳ ಸುಮಾರು 208 ಡಿಗ್ರಿಗೆ ಏರುತ್ತದೆ. ಅಷ್ಟೇ ಕಾದ ಉಕ್ಕಿನ ಮೇಲೆ ಸುಮಾರು 300 ಡಿಗ್ರಿಗೆ ಏರಿ ಸೀದುಹೋಗುತ್ತದೆ. ಆದುದರಿಂದಲೇ ಅಲ್ಲಿ ಇಟ್ಟಿಗೆ ಯೋಗ್ಯ.

ಮನೆಯ ವಿದ್ಯುತ್ ಒಲೆಯಾದರೋ ಸಾಮಾನ್ಯವಾಗಿ 250 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅದೇ ಕ್ರಮದಲ್ಲಿ ಲೆಕ್ಕ ಹಾಕಿದರೆ, ಅಲ್ಲಿ ಇಟ್ಟಿಗೆಯ ಮೇಲಿನ ತಳಕ್ಕೆ ದೊರೆಯುವುದು ಸುಮಾರು 160 ಡಿಗ್ರಿ; ಉಕ್ಕಿನ ಮೇಲಾದರೆ ಸುಮಾರು 230. ಕಲ್ಲಿನ ಗುಣವೂ ಇಟ್ಟಿಗೆಗೆ ಹತ್ತಿರವಾದುದೇ. ತಳ ಗರಿಯಾಗಲೆಂದು ಕಾಯುವಷ್ಟರಲ್ಲಿ ಪಿಜ್ಜಾ ಒಣಗಿಹೋಗುತ್ತದೆ.

ಆದಕಾರಣ ಮನೆಯ ಒಲೆಗೆ ಚೆನ್ನಾಗಿ ಕಾಯಿಸಿದ ದಪ್ಪನೆಯ ಉಕ್ಕಿನ ಫಲಕವೇ ತಕ್ಕುದೆಂದು ನನ್ನ ಅಭಿಪ್ರಾಯ. ಸಂಪ್ರದಾಯದ ಬೆಂಕಿಯಿಲ್ಲದೆ ಅದರ ಕಲ್ಲನ್ನು ಮಾತ್ರ ತಂದರೆ ಫಲವಿಲ್ಲ. ವಿದ್ಯಾರ್ಥಿಗಳು ಮೊದಲು ಒಲೆಯ ಉಷ್ಣತೆಯನ್ನು ತಿಳಿದು, ಅನಂತರ ಹಾಸನ್ನು ಆರಿಸಲಿ.